ಎರಡು ಗುಡ್ಡಗಳ ಆಟಕ್ಕೊಂದು ಹಳೇ ಪರದೆ

ನಮ್ಮೂರಿನಲ್ಲಿ ಹಳೇ ಸಾಮಾನು ಕೊಳ್ಳಲು ಹೋದವರು ಬೆಲೆ ಕೇಳುವ ಮೊದಲು, ಅದು ಇಷ್ಟು ದಿನ ಯಾವ ದಿಕ್ಕಿಗೆ ಮುಖ ಮಾಡಿಕೊಂಡಿತ್ತು ಎಂದು ಕೇಳುತ್ತಾರೆ. ಒಂದೇ ಕಡೆ ಇಟ್ಟ ವಸ್ತು ಇಲ್ಲಿ ವರ್ಷದಿಂದ ವರ್ಷಕ್ಕೆ ಪೂರ್ವ ಪಶ್ಚಿಮವಾಗಿ ಒಂದಿಷ್ಟು ಹಿಗ್ಗುತ್ತದೆ. ಉತ್ತರಕ್ಕೆ ಮುಖ ಮಾಡಿದ ಬೀರು ಅಗಲವಾಗುತ್ತದೆ, ಪೂರ್ವಕ್ಕೆ ಮುಖ ಮಾಡಿದ್ದು ಗೋಡೆ ಬಿಟ್ಟು ಮುಂದೆ ಬರುತ್ತದೆ. ಓಡಾಡುವ ಜೀವಕ್ಕೆ ಇದು ತಾಗುವುದಿಲ್ಲ. ಮಂಚವನ್ನು ಆಗಾಗ ತಿರುಗಿಸಿ ಹಾಕುವುದು, ಒರಳುಕಲ್ಲನ್ನು ವರ್ಷಕ್ಕೊಮ್ಮೆ ಕಾಲು ಸುತ್ತು ಹೊರಳಿಸುವುದು ನಮ್ಮ ಹೆಂಗಸರಿಗೆ ಮನೆ ಸಾರಿಸಿದಷ್ಟೇ ಸಹಜ. ಬೇರೆ ಊರಿನಿಂದ ಬಂದ ಸೊಸೆಯರು ಮೊದಮೊದಲು ಮರೆಯುತ್ತಾರೆ. ತವರಿನಿಂದ ತಂದ ದುಂಡನೆಯ ಕನ್ನಡಿ ಮೊಟ್ಟೆಯಂತಾದಾಗ ಕಲಿಯುತ್ತಾರೆ.

ನೆಲವೂ ಹಾಗೆಯೇ. ಅಕ್ಕಪಕ್ಕದ ಎರಡು ಮನೆಗಳ ನಡುವೆ ವರ್ಷಕ್ಕೊಂದು ಗೇಣಿನಷ್ಟು ಹೊಸ ನೆಲ ಬರುತ್ತದೆ. ಅದು ಯಾರಿಗೆ ಸೇರಬೇಕೆಂಬುದನ್ನು ಎರಡೂ ಮನೆಯವರು ಆಟವಾಡಿ ತೀರ್ಮಾನಿಸಬೇಕು. ಅಕ್ಕಸಾಲಿಗರ ಬೀದಿಯಲ್ಲಿ ಚೌಕಾಬಾರ ಆಡುತ್ತಾರೆ. ಕೆರೆಕೆಳಗಿನವರು ಕುಸ್ತಿ ಹಿಡಿಯುತ್ತಾರೆ. ಎಣ್ಣೆ ಅಂಗಡಿಯವನೂ ಅವನ ಪಕ್ಕದ ಪೂಜಾರಿಯೂ ಬಾವಿಯಲ್ಲಿ ಮುಳುಗಿ ಯಾರು ಹೆಚ್ಚು ಹೊತ್ತು ಉಸಿರು ಹಿಡಿಯುತ್ತಾರೆಂದು ನೋಡುತ್ತಾರೆ. ಒಮ್ಮೆ ಗೊತ್ತುಮಾಡಿಕೊಂಡ ಆಟವನ್ನು ಬದಲಿಸುವಂತಿಲ್ಲ. ಆಟ ಮುಗಿದ ಮೇಲೆ ಚಾವಡಿಯ ಯಜಮಾನರು ಬಂದು ಬಾಂದುಕಲ್ಲನ್ನು ಹೊಸ ಜಾಗದಲ್ಲಿ ನೆಡಿಸುತ್ತಾರೆ.

ಗೆದ್ದ ನೆಲ ಮಾತ್ರ ನಿಲ್ಲುತ್ತದೆ. ಕೊಟ್ಟ ನೆಲ ನಿಲ್ಲುವುದಿಲ್ಲ. ಮೇಲಿನಕೇರಿಯ ಅಣ್ಣನೊಬ್ಬ ತಮ್ಮನ ಮೇಲಿನ ಮಮತೆಗೆ ತನ್ನ ಪಾಲಿನ ಗೇಣನ್ನು ಹಾಗೇ ಬಿಟ್ಟುಕೊಟ್ಟಿದ್ದ. ಮೊದಲ ಮಳೆ ಹೊಯ್ದ ಮಾರನೆಯ ಬೆಳಿಗ್ಗೆ ಕಲ್ಲು ಹಳೇ ಜಾಗದಲ್ಲೇ ನಿಂತಿತ್ತು, ತಮ್ಮ ಕಟ್ಟಿದ ಗೋಡೆ ಎರಡು ಸೀಳಾಗಿತ್ತು. ಬೇಕೆಂದೇ ಸೋತವರ ಕಥೆಯೂ ಇದೇ ಆಗಿದೆ. ಕಲ್ಲಿಗೆ ಹೇಗೆ ಗೊತ್ತಾಗುತ್ತದೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ.

ನನ್ನ ಅಕ್ಕ ಪ್ರಮೀಳಳ ಮನೆಗೂ ಅವಳ ಪಕ್ಕದ ಖುರ್ಷಿದಕ್ಕನ ಮನೆಗೂ ಗೊತ್ತಾದ ಆಟ ಕಂಪ್ಯೂಟರಿನದು. ಇಬ್ಬರೂ ಮದುವೆಗೆ ಮುಂಚೆ ಬಸ್‌ಸ್ಟ್ಯಾಂಡಿನ ಹತ್ತಿರದ ಟೈಪಿಂಗ್ ಸೆಂಟರಿನಲ್ಲಿ ಒಟ್ಟಿಗೆ ಕೆಲಸಕ್ಕಿದ್ದರು. ಸೆಂಟರು ಮುಚ್ಚಿದಾಗ ಅದರ ಮಾಲೀಕರು ಒಂದು ಕಂಪ್ಯೂಟರನ್ನು ಇಬ್ಬರಿಗೂ ಸೇರಿಸಿ ಕೊಟ್ಟರು. ಅದರಲ್ಲೊಂದು ಆಟವಿತ್ತು. ಪರದೆಯ ಎಡಕ್ಕೊಂದು ಗುಡ್ಡ, ಬಲಕ್ಕೊಂದು ಗುಡ್ಡ, ಎರಡರ ಮೇಲೂ ಒಂದೊಂದು ಫಿರಂಗಿ, ಮೇಲೆ ದುಂಡನೆಯ ಚಂದ್ರ. ಫಿರಂಗಿಯ ಮೂತಿ ಎಷ್ಟು ಎತ್ತಬೇಕು, ಎಷ್ಟು ಜೋರಾಗಿ ಹೊಡೆಯಬೇಕು ಎಂದು ಅಂಕೆ ಒತ್ತಿದರೆ ಗುಂಡು ಹಾರಿ ಹೋಗುತ್ತದೆ. ಒಬ್ಬರಾದ ಮೇಲೆ ಒಬ್ಬರು ಹೊಡೆಯಬೇಕು. ಮೊದಲು ಮೂರು ಸಲ ತಾಗಿಸಿದವರು ಗೆದ್ದಂತೆ. ಖುರ್ಷಿದಕ್ಕನ ಮನೆ ಪಶ್ಚಿಮಕ್ಕಿರುವುದರಿಂದ ಅವಳದು ಯಾವತ್ತೂ ಎಡಗುಡ್ಡ, ಅಕ್ಕನದು ಬಲಗುಡ್ಡ.

ಈ ಬೇಸಿಗೆಯಲ್ಲಿ ಅದರ ಡಬ್ಬದಂಥ ಮಾನಿಟರು ಹೊಗೆಯಾಡಿ ಸತ್ತಿತು. ಅಂಥ ಇನ್ನೊಂದು ಡಬ್ಬ ಊರಿನಲ್ಲಿ ಉಳಿದಿರಲಿಲ್ಲ, ಗುಜರಿಯವರು ಎಲ್ಲವನ್ನೂ ತಾಮ್ರಕ್ಕೆಂದು ಒಡೆದಿದ್ದರು. ಈಗ ಬರುವ ಹೊಸ ಪರದೆಗಳಿಗೆ ಆ ಕಂಪ್ಯೂಟರಿನ ನೀಲಿ ಪಿನ್ನು ಕೂರುವುದಿಲ್ಲ. ಉಳಿದದ್ದು ಒಂದೇ ದಾರಿ. ನೀಲಿ ಪಿನ್ನು ಹಿಡಿಯುವ, ಚಪ್ಪಟೆ ಪರದೆ ಹೊಸದಾಗಿ ಬಂದ ಕಾಲದ ಹಳೇ ಮಾನಿಟರನ್ನು ಹುಡುಕಬೇಕು. ಅದನ್ನು ಇಬ್ಬರೂ ಒಟ್ಟಿಗೆ ಹೋಗಿ ಒಪ್ಪಿ ತರಬೇಕೆಂದು ಚಾವಡಿಯವರು ಹೇಳಿದರು. ನನ್ನ ಹತ್ತಿರ ಲಗೇಜ್ ಆಟೋ ಇದ್ದುದರಿಂದ ನಾನು ಜೊತೆಯಾದೆ.

ಬೇರೆ ವರ್ಷವಾಗಿದ್ದರೆ ಇದಕ್ಕೆ ಇಷ್ಟು ಅವಸರವಿರುತ್ತಿರಲಿಲ್ಲ. ಖುರ್ಷಿದಕ್ಕನ ಗಂಡ ದಸ್ತಗೀರಣ್ಣ ಮೋಟರು ವೈಂಡಿಂಗ್ ಮಾಡುವವರು, ಅವರ ಶೆಡ್ಡು ಮನೆಯ ಹಿಂದಿದೆ. ಹೋದ ವರ್ಷ ಬೋರಿನಿಂದ ಪಂಪು ಎತ್ತುವಾಗ ಸರಪಳಿ ಹರಿದು ಅವರ ಎರಡೂ ಕಾಲು ಹೋದವು. ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲು ಬಂತು. ಆದರೆ ಮನೆಯೊಳಗಿನಿಂದ ಹಿಂದಕ್ಕೆ ಹೋಗಲು ಎತ್ತರದ ಹೊಸ್ತಿಲುಗಳು, ಮುಂದೆ ಚರಂಡಿ ಮತ್ತು ರಸ್ತೆ. ಅಕ್ಕನ ಮನೆ ಕಡೆಯ ಓಣಿಯಲ್ಲಿ ಸೈಕಲ್ಲು ಹಿಡಿಸುವುದಿಲ್ಲ. ಒಂದು ಗೇಣು ಕಡಿಮೆ. ಹಿಂದೆ ಗೆದ್ದ ನೆಲಕ್ಕೆಲ್ಲ ಅವರು ಗೋಡೆ ಸರಿಸಿ ಕೋಣೆ ದೊಡ್ಡದು ಮಾಡಿಕೊಂಡಿದ್ದರು, ಆಗ ಓಣಿಯ ಅಗಲ ಯಾರ ತಲೆಯಲ್ಲೂ ಇರಲಿಲ್ಲ. ಈಗ ಖುರ್ಷಿದಕ್ಕ ದಿನಾ ಬೆಳಿಗ್ಗೆ ಗಂಡನನ್ನು ಬೆನ್ನ ಮೇಲೆ ಹೊತ್ತು ಶೆಡ್ಡಿಗೆ ಬಿಡುತ್ತಾಳೆ, ಸಂಜೆ ಹೊತ್ತು ತರುತ್ತಾಳೆ. ಅಕ್ಕನ ಹಿತ್ತಿಲಿನಿಂದ ದಾರಿ ಮಾಡಿಕೊಡುತ್ತೇವೆಂದರೆ ದಸ್ತಗೀರಣ್ಣ ಒಪ್ಪಲಿಲ್ಲ. ದಿನಾ ಇನ್ನೊಬ್ಬರ ಅಂಗಳ ತುಳಿದು ತನ್ನ ಕೆಲಸಕ್ಕೆ ಹೋಗುವುದು ಅವರಿಗೆ ಆಗದು. ಸೈಕಲ್ಲು ಅಗಲವಾಗಬಾರದೆಂದು ಅದನ್ನು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿದ್ದರು. ಅದು ಉದ್ದವಾಗುತ್ತಾ ಕಾಯುತ್ತಿತ್ತು.

ಮಾಣಿಕಯ್ಯನ ಹಳೇ ಸಾಮಾನಿನ ಅಂಗಡಿಯಲ್ಲಿ ಪ್ರತಿಯೊಂದರ ಮೇಲೂ ಸೀಮೆಸುಣ್ಣದಲ್ಲಿ ದಿಕ್ಕು ಬರೆದಿರುತ್ತದೆ. ನಾನು ಕಂಪ್ಯೂಟರಿನ ಪೆಟ್ಟಿಗೆಯನ್ನು ಇಳಿಸಿ ಅವನ ಮೇಜಿನ ಮೇಲಿಟ್ಟೆ. ಅವನು ಮೊದಲು ತಂದದ್ದು ಉದ್ದನೆಯ ಒಂದು ಪರದೆ. ಆಟ ಹಚ್ಚಿದರೆ ಗುಡ್ಡಗಳು ಮಲಗಿದ ಎಮ್ಮೆಗಳಂತೆ ಕಂಡವು. ಚಂದ್ರ ಸೋರೆಕಾಯಿಯಾಗಿದ್ದ.

"ಇದರಾಗೆ ಗುರಿ ಇಟ್ರೆ ಗುಂಡು ಪಕ್ಕದ ತಾಲ್ಲೂಕಿಗೆ ಹೋಗ್ತದೆ" ಎಂದಳು ಅಕ್ಕ. "ಚೌಕದ್ದು ತೋರ್ಸಯ್ಯಾ."

ಎರಡನೆಯದು ಬ್ಯಾಂಕಿನಲ್ಲಿದ್ದದ್ದು, ಮೈ ಮೇಲೆ 'ಪೂ' ಎಂದು ಬರೆದಿತ್ತು. "ಪೂರ್ವಕ್ಕೇ ಕೂತಿತ್ತು ಕಣಮ್ಮ, ಮುಖ ಏನೂ ಕೆಟ್ಟಿಲ್ಲ. ಒಂಚೂರು ಬೆನ್ನು ಬಂದಿದೆ ಅಷ್ಟೆ" ಎಂದ ಮಾಣಿಕಯ್ಯ.

"ಅದನ್ನ ಬೆನ್ನು ಅನ್ನಲ್ಲ, ಗೂನು ಅಂತಾರೆ" ಎಂದಳು ಖುರ್ಷಿದಕ್ಕ. ಅವಳು ತನ್ನ ಕೈಯಿಂದ ಒಂದು ಬಳೆ ತೆಗೆದು ಪರದೆಯ ಮೇಲಿನ ಚಂದ್ರನಿಗೆ ಹಿಡಿದಳು. ಆ ಪರದೆ ಹುಟ್ಟಿನಿಂದಲೇ ಹಳೇ ಡಬ್ಬಕ್ಕಿಂತ ಎತ್ತರ ತುಸು ಹೆಚ್ಚಾದ ಜಾತಿಯದು. ಚಂದ್ರ ಬಳೆಯ ಮೇಲೂ ಕೆಳಗೂ ಹೊರಗೆ ಇಣುಕಿದ. "ನೋಡು, ಗುಡ್ಡ ಎಲ್ಲ ನೆಟ್ಟಗಾಗಿವೆ. ನಮ್ಮ ಕಣ್ಣು ಕಲಿತಿರೋದು ಇದಲ್ಲ."

"ಇದೇ ಜಾತೀದು ಉತ್ತರಕ್ಕೆ ಕೂತು ಹಿಗ್ಗಿರೋದು ಇದ್ರೆ ಸರಿಹೋಗಿರ್ತದೆ" ಎಂದೆ ನಾನು.

"ಅದನ್ನೇ ಹೇಳಕ್ಕೆ ಬಂದೆ" ಎಂದ ಮಾಣಿಕಯ್ಯ. ನಾನು ಹೇಳುವವರೆಗೂ ಅವನಿಗೆ ಅದು ಹೊಳೆದಿರಲಿಲ್ಲ.

ಒಳಗಿನಿಂದ ಎರಡು ಬಂದವು. ಎರಡರ ಮೇಲೂ 'ಉ' ಎಂದಿತ್ತು. ಒಂದು ಶಾಲೆಯಲ್ಲಿದ್ದದ್ದು, ಇನ್ನೊಂದು ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಯಲ್ಲಿದ್ದದ್ದು. ವರ್ಷಾನುಗಟ್ಟಲೆ ಉತ್ತರ ನೋಡುತ್ತಾ ಕೂತು ಅವು ಬೇಕಾದಷ್ಟೇ ಅಗಲವಾಗಿದ್ದವು. ಬಳೆ ಎರಡರಲ್ಲೂ ಚಂದ್ರನ ಸುತ್ತ ಒತ್ತಿಕೊಂಡು ಕೂತಿತು. ಶಾಲೆಯದು ನಿಧಾನದ್ದು, ಹಾರುವ ಗುಂಡಿನ ಹಿಂದೆ ಮಸಿಯ ಬಾಲ ಎಳೆಯುತ್ತಿತ್ತು. ಆಸ್ಪತ್ರೆಯದರಲ್ಲಿ ಬಾಲವಿಲ್ಲ, ಬಣ್ಣ ಮಾತ್ರ ಹಳದಿಗೆ ತಿರುಗಿತ್ತು.

ಅಕ್ಕ ಆಸ್ಪತ್ರೆಯ ಪರದೆಯ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದಳು. ಆಮೇಲೆ ಆಕಾಶದ ಎಡಭಾಗದಲ್ಲಿ ಒಂದು ಕಡೆ ಹೆಬ್ಬೆರಳು ಊರಿ ನಿಂತಳು. ಅವಳು ಬೆರಳು ಊರುವುದಕ್ಕೆ ಮುಂಚೆ ನಾನೂ ನೋಡಿದ್ದೆ. ಅಲ್ಲಿ ಸಾಸಿವೆ ಕಾಳಿಗಿಂತ ಸಣ್ಣದೊಂದು ಕಪ್ಪು ಚುಕ್ಕೆ ಸತ್ತು ಕೂತಿತ್ತು. ಒರೆಸಿದರೆ ಹೋಗುವಂಥದ್ದಲ್ಲ. ಎಡಗುಡ್ಡದ ಮೇಲಿಂದ ಗುರಿಯಿಡುವವರಿಗೆ ಅದು ಆಕಾಶದಲ್ಲಿ ಮೊಳೆ ಹೊಡೆದಂತೆ. ಗುಂಡು ಅದರ ಮೇಲೆ ಹೋಯಿತೋ ಕೆಳಗೆ ಹೋಯಿತೋ ನೋಡಿ ಮುಂದಿನದನ್ನು ತಿದ್ದಿಕೊಂಡರಾಯಿತು.

"ಇದೇ ಇರಲಿ" ಎಂದಳು ಅಕ್ಕ. "ಹಳದಿ ನಿನ್ನ ಕಣ್ಣಿಗೆ ತಂಪು."

"ಶಾಲೇದು ತಗೊಳೆ" ಎಂದಳು ಖುರ್ಷಿದಕ್ಕ. "ನಿಂಗೆ ಹಿಂದಿನ ಗುಂಡು ಎಲ್ಲಿ ಹೋಯ್ತು ಅಂತ ನೆನಪಿರಲ್ಲ. ಬಾಲ ಇದ್ರೆ ನಿಂಗೇ ಒಳ್ಳೇದು."

"ನನ್ನ ನೆನಪಿನ ಚಿಂತೆ ನಿಂಗ್ಯಾಕೆ."

"ನಿನ್ನ ಉಪಕಾರ ನಂಗ್ಯಾಕೆ."

ಮಾಣಿಕಯ್ಯ ನನ್ನ ಮುಖ ನೋಡಿದ. "ಕೊಳ್ಳೋರು ನಂಗಿದು ಬೇಕು ಅಂತ ಜಗಳ ಆಡೋದು ನೋಡಿದೀನಿ. ನಿಂಗಿದು ಒಳ್ಳೇದು ಅಂತ ಆಡೋದು ಇವತ್ತೇ ನೋಡಿದ್ದು" ಎಂದ.

ಅಷ್ಟರಲ್ಲಿ ಶಾಲೆಯ ಪರದೆ ಬಿಸಿಯೇರಿ ಮೊದಲು ನಸುಗೆಂಪಾಯಿತು, ಆಮೇಲೆ ಕತ್ತಲಾಯಿತು. ಮಾಣಿಕಯ್ಯ ಅದರ ನೆತ್ತಿಗೆ ಮೊಟಕಿದ, ಒಮ್ಮೆ ಬೆಳಕು ಬಂದು ಮತ್ತೆ ಹೋಯಿತು. ಒಳಗಿನ ಟ್ಯೂಬು ಹೋಗಿದೆ, ಅದು ಸಿಗುವುದಿಲ್ಲ ಎಂದು ಅವನೇ ಒಪ್ಪಿಕೊಂಡ. ಹಾಗಾಗಿ ಆಸ್ಪತ್ರೆಯದೇ ಗಟ್ಟಿಯಾಯಿತು. ಅಕ್ಕ ಅದರ ಮುಖಕ್ಕೆ ತನ್ನ ಹಳೇ ಶಾಲು ಸುತ್ತಿ ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡಳು. ದಾರಿಯಲ್ಲೆಲ್ಲೂ ಖುರ್ಷಿದಕ್ಕನ ಕೈಗೆ ಕೊಡಲಿಲ್ಲ.

ಖುರ್ಷಿದಕ್ಕ ಅವಳ ಮನೆಯ ಮುಂದೆ ಇಳಿದು ಹೋದ ಮೇಲೆ ನಾನು ಕೇಳಿದೆ. "ಅಕ್ಕ, ಆ ಚುಕ್ಕೆ ವಿಷಯ ಅವಳಿಗೆ ಹೇಳಲ್ವಾ?"

"ಯಾವ ಚುಕ್ಕೆ?"

"ನಂಗೂ ಕಣ್ಣಿದೆ."

ಅವಳು ಶಾಲಿನ ಅಂಚು ಸರಿಮಾಡಿದಳು. "ನಾನು ಚೆನ್ನಾಗೇ ಆಡ್ತೀನಿ ಕಣೋ ಕಾಂತ. ನಾನು ಚೆನ್ನಾಗಿ ಆಡಿದ್ರೆ ಆಯ್ತಲ್ಲ? ಪರದೇಲಿ ಇರೋದು ಪರದೇಲಿದೆ, ಅದನ್ನ ನಾನಿಟ್ಟೆನಾ?"

"ಕಲ್ಲಿಗೆ ಹಂಗನ್ನಿಸಬೇಕಲ್ಲ."

"ಹೋದ ವಾರ ಜಾರಿದ್ಲು ಖುರ್ಷಿ. ಅವನನ್ನ ಹೊತ್ಕೊಂಡೇ ಜಾರಿದ್ಲು. ಮಂಡಿ ಹಿಂಗೆ ಊದಿದೆ, ಸೀರೆ ಇಳಿಬಿಟ್ಕೊಂಡು ಓಡಾಡ್ತಾಳೆ, ಯಾರ್ಗೂ ಹೇಳಿಲ್ಲ" ಎಂದಳು ಅಕ್ಕ. ನಾನು ಮಾನಿಟರನ್ನು ಒಳಗಿಟ್ಟು ಬಂದೆ.

ಆಟದ ದಿನ ಮಧ್ಯಾಹ್ನ ಕರೆಂಟಿರುವ ಹೊತ್ತು ನೋಡಿ ಚಾವಡಿಯ ಯಜಮಾನರು ಬಂದರು. ಅಕ್ಕನ ನಡುಮನೆಯಲ್ಲಿ ಕಂಪ್ಯೂಟರು ಹಚ್ಚಿಟ್ಟಿದ್ದೆವು. ದಸ್ತಗೀರಣ್ಣ ಬರಲಿಲ್ಲ. ಹಿಂದಿನ ಶೆಡ್ಡಿನಿಂದ ಅವರು ತಂತಿ ಸುತ್ತುವ ಯಂತ್ರದ ಸದ್ದು ಬರುತ್ತಿತ್ತು, ಅದು ಎಂದಿನಂತೆಯೇ ಇತ್ತು. ಯಜಮಾನರಿಗೆ ಕುರ್ಚಿ ಹಾಕಿ ಮಜ್ಜಿಗೆ ಕೊಟ್ಟೆವು.

ಖುರ್ಷಿದಕ್ಕ ಕೂರುವ ಮೊದಲು ಸೆರಗಿನ ತುದಿಯಿಂದ ಪರದೆ ಒರೆಸಿದಳು. ಒಂದು ಕಡೆ ಕೈ ನಿಂತಿತು. ಮತ್ತೆ ಒರೆಸಿದಳು.

"ಇದು ಅಂಗಡೀಲೇ ಇತ್ತಾ?"

"ನೊಣ ಕೂತಿತ್ತೇನೋ" ಎಂದಳು ಅಕ್ಕ.

"ಗಾಜಿನೊಳಗೆ ಹೋಗಿ ಕೂತ್ಕೊಳ್ತಾ ನಿಮ್ಮನೆ ನೊಣ?"

ಅವಳು ತನ್ನ ಜಾಗದಲ್ಲಿ ಕೂತು, ಎಡಗುಡ್ಡದ ಫಿರಂಗಿಯಿಂದ ಚುಕ್ಕೆಗೆ, ಚುಕ್ಕೆಯಿಂದ ಬಲಗುಡ್ಡಕ್ಕೆ ಕಣ್ಣಾಡಿಸಿದಳು. ಏನಾಗಿದೆಯೆಂದು ಅವಳಿಗೆ ತಿಳಿಯಿತು ಎನ್ನುವುದು ನನಗೆ ಕಂಡಿತು. ಅಕ್ಕ ಕೀಲಿಮಣೆಯ ಧೂಳು ಊದುತ್ತಿದ್ದಳು.

"ಪ್ರಮೀ, ನಿನ್ನ ಹಣೇದು ಕೊಡು" ಎಂದಳು ಖುರ್ಷಿದಕ್ಕ.

"ಏನು?"

"ಸ್ಟಿಕ್ಕರ್ ಕಣೆ. ಕೊಡು."

ಅಕ್ಕ ಕೊಡಲಿಲ್ಲ. ಖುರ್ಷಿದಕ್ಕನೇ ಕೈಚಾಚಿ ಅವಳ ಹಣೆಯಿಂದ ಸಣ್ಣ ಕರಿ ಸ್ಟಿಕ್ಕರನ್ನು ಕಿತ್ತಳು. ಪರದೆಯ ಎಡ ಅಂಚಿನಿಂದ ಚುಕ್ಕೆಗೆ ಎಷ್ಟು ದೂರವಿದೆಯೆಂದು ಬೆರಳುಗಳಲ್ಲಿ ಅಳೆದು, ಅಷ್ಟೇ ಅಂತರವನ್ನು ಬಲ ಅಂಚಿನಿಂದ ಅಳೆದು, ಅಷ್ಟೇ ಎತ್ತರದಲ್ಲಿ ಅದನ್ನು ಅಂಟಿಸಿದಳು. ಈಗ ಚಂದ್ರನ ಎರಡೂ ಪಕ್ಕ ಒಂದೊಂದು ಚುಕ್ಕೆ. ಯಜಮಾನರು ಮುಂದೆ ಬಗ್ಗಿ ನೋಡಿ, "ಸರಿಯಾಗಿದೆ" ಎಂದಷ್ಟೇ ಹೇಳಿದರು.

"ಕೊಟ್ಟಿದ್ದು ನಿಲ್ಲಲ್ಲ ಅಂತ ನಿಂಗೆ ಗೊತ್ತಿಲ್ವಾ?" ಖುರ್ಷಿದಕ್ಕ ದನಿ ಏರಿಸಲಿಲ್ಲ. "ಮಳೆಗಾಲದಲ್ಲಿ ಕಲ್ಲು ಹಿಂದೆ ಬಂದು, ಅವರು ಸೈಕಲ್ ಸಮೇತ ಓಣಿ ಮಧ್ಯೆ ಸಿಕ್ಕಾಕ್ಕೊಂಡ್ರೆ ನೀನು ಎಳೀತೀಯಾ?"

"ಅವನಿಗೋಸ್ಕರ ಅಲ್ಲ. ನಿನ್ನ ಮಂಡಿ..."

"ನನ್ನ ಮಂಡಿ ನಂದು. ಗೆದ್ರೆ ಗೆದ್ದೆ. ಇಲ್ಲಾಂದ್ರೆ ಹೊತ್ಕೊಂಡು ಹೋಗ್ತೀನಿ, ಈಗ ಹೋಗ್ತಿಲ್ವಾ?" ಎಂದು ಅವಳು ಕೀಲಿಮಣೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ ಸ್ವಲ್ಪ ತಡೆದು ನಕ್ಕಳು. "ನಿಜ ಹೇಳ್ಲಾ? ನಿಂಗೆ ನನ್ನ ಮೇಲೆ ಕರುಣೆ ಅಲ್ಲ. ಸೋಲ್ತೀನಿ ಅಂತ ಗೊತ್ತು, ಅದಕ್ಕೆ ಈಗ್ಲೇ ನೆಪ ಮಾಡ್ಕೊಂಡಿದೀಯ. ನಾಳೆ ಬೀದೀಲಿ ನಿಂತ್ಕೊಂಡು, ನಾನೇ ಬಿಟ್ಟುಕೊಟ್ಟೆ ಅಂತ ಹೇಳ್ಬೋದಲ್ಲ."

"ನಾನ್ಯಾಕೆ ಸೋಲ್ಲಿ?"

"ಸೆಂಟರ್‌ನಲ್ಲಿದ್ದಾಗಿನಿಂದ ನೋಡಿದೀನಿ. ನೀನು ನೆಟ್ಟಗೆ ಯಾವತ್ತು ಗೆದ್ದಿದೀಯ? ಒಂದು ಸಲ ಕರೆಂಟ್ ಹೋಗಿ ಗೆದ್ದೆ, ಒಂದು ಸಲ ನಂಗೆ ಜ್ವರ ಬಂದು ಗೆದ್ದೆ."

"ಜ್ವರ ಇರ್ಲಿಲ್ಲ ನಿಂಗೆ. ನೆಗಡಿ."

"ನೆಗಡೀಲೂ ನಿನ್ನ ಗುಂಡು ಕೆರೇಗೇ ಬೀಳ್ತಿತ್ತಲ್ಲ."

ಅಕ್ಕ ಕುರ್ಚಿ ಮುಂದಕ್ಕೆಳೆದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅವಳು ಹಾಗೆ ಸಿಕ್ಕಿಸುವುದನ್ನು ನಾನು ನೋಡಿರುವುದು ಎಮ್ಮೆ ಕರು ಹಾಕುವಾಗ ಮತ್ತು ನಲ್ಲಿಯ ಹತ್ತಿರ ಜಗಳ ಬಿದ್ದಾಗ ಮಾತ್ರ. "ಹೊಡಿ ನೋಡೋಣ" ಎಂದಳು.

ಖುರ್ಷಿದಕ್ಕನ ಮೊದಲ ಗುಂಡು ಬಲಗುಡ್ಡದ ಬೆನ್ನ ಮೇಲೆ ಬಿತ್ತು. ಅಕ್ಕನದು ಚಂದ್ರನನ್ನು ದಾಟಿ, ಎಡಗುಡ್ಡವನ್ನೂ ದಾಟಿ ಹೊರಗೆ ಹೋಯಿತು. ಖುರ್ಷಿದಕ್ಕ ಬರಿದೇ ಕೆಮ್ಮಿದಳು. ಅಕ್ಕ ಮುಂದಿನದನ್ನು ತಾಗಿಸಿದಳು. ಗುಂಡುಗಳು ಹೋಗಿ ಬಂದು ಮಾಡಿದವು. ಅಕ್ಕ ತನ್ನ ಹಣೆಯಿಂದ ಹೋದ ಚುಕ್ಕೆಯನ್ನು ನೋಡಿಯೇ ಗುರಿ ಹಿಡಿಯುತ್ತಿದ್ದಳು, ತುಟಿ ಅಲ್ಲಾಡಿಸುತ್ತಾ ಲೆಕ್ಕ ಹಾಕುತ್ತಿದ್ದಳು. ಖುರ್ಷಿದಕ್ಕ ಒಂದು ತಾಗಿಸಿದಳು, ಇನ್ನೊಂದು ತಾಗಿಸಿದಳು. ಅಕ್ಕ ಸಮಮಾಡಿಕೊಂಡಳು. ಯಜಮಾನರು ಮಜ್ಜಿಗೆಯ ಲೋಟವನ್ನು ಕೆಳಗಿಡುವುದನ್ನು ಮರೆತು ಕೈಯಲ್ಲೇ ಹಿಡಿದಿದ್ದರು. ನಾನು ಅಕ್ಕನ ಮುಖವನ್ನೇ ನೋಡುತ್ತಿದ್ದೆ. ಅದರಲ್ಲಿ ಓಣಿಯೂ ಇರಲಿಲ್ಲ, ದಸ್ತಗೀರಣ್ಣನೂ ಇರಲಿಲ್ಲ, ಊದಿದ ಮಂಡಿಯೂ ಇರಲಿಲ್ಲ.

ಕೊನೆಯದಕ್ಕೆ ಬಂದಾಗ ಅಕ್ಕನ ಸರದಿ. ಆ ಆಟದಲ್ಲಿ ಗಾಳಿಯೊಂದಿದೆ, ಪರದೆಯ ತಳದಲ್ಲಿ ಬಾಣದ ಗುರುತಾಗಿ ಅದು ಆಗಾಗ ಬದಲಾಗುತ್ತದೆ. ಅಕ್ಕ ಅಂಕೆ ಒತ್ತಿದಳು. ಗುಂಡು ಸ್ಟಿಕ್ಕರಿನ ಕೂದಲೆಳೆ ಮೇಲೆ, ಎಲ್ಲಿ ಹೋಗಬೇಕೋ ಅಲ್ಲೇ ಹೋಯಿತು. ಇಳಿಯುವಾಗ ಎದುರುಗಾಳಿಗೆ ಒಂದಿಷ್ಟು ಜಗ್ಗಿ, ಫಿರಂಗಿಯ ಮುಂದೆ ಮಣ್ಣೆಬ್ಬಿಸಿತು. ಅಕ್ಕ ಅಂಗೈಯಿಂದ ಮೇಜಿಗೆ ಹೊಡೆದಳು. ಖುರ್ಷಿದಕ್ಕ ಎರಡೂ ಅಂಕೆಗಳನ್ನು ಒತ್ತಿ, ಬೆರಳನ್ನು ಮೇಲೆತ್ತಿ, ಮತ್ತೊಮ್ಮೆ ಬಾಣ ನೋಡಿ, ಒಂದು ಅಂಕೆ ತಿದ್ದಿ ಹೊಡೆದಳು. ಬಲಗುಡ್ಡದ ಫಿರಂಗಿ ಚೂರಾಯಿತು.

ಶೆಡ್ಡಿನಲ್ಲಿ ಯಂತ್ರ ಸುತ್ತುತ್ತಲೇ ಇತ್ತು. ಯಜಮಾನರು ಎದ್ದು, ಬೆಳಿಗ್ಗೆ ಕಲ್ಲು ಕೀಳಿಸುವುದಾಗಿ ಹೇಳಿ ಹೊರಟರು. ಖುರ್ಷಿದಕ್ಕ ಪರದೆಯಿಂದ ಸ್ಟಿಕ್ಕರನ್ನು ಬಿಡಿಸಿ ಅಕ್ಕನಿಗೆ ಚಾಚಿದಳು. ಅಕ್ಕ ತೆಗೆದುಕೊಳ್ಳಲಿಲ್ಲ. ಖುರ್ಷಿದಕ್ಕ ಅದನ್ನು ಮೇಜಿನ ಅಂಚಿಗೆ ಅಂಟಿಸಿ, ಮಂಡಿ ಹಿಡಿದುಕೊಂಡು ಎದ್ದು, "ಟೀ ಮಾಡ್ತೀನಿ, ಬಾ" ಎಂದಳು.

"ನಂಗೆ ಬೇಡ."

"ಬಾರೆ."

"ಬೇಡ ಅಂದ್ನಲ್ಲ. ಕಿವಿ ಕೇಳ್ಸಲ್ವಾ?" ಎಂದು ಅಕ್ಕ ಹಿತ್ತಿಲಿಗೆ ಹೋಗಿ ಕೊಡ ಕುಕ್ಕಿದಳು. ಆ ದಿನ ಮಾತ್ರವಲ್ಲ, ಮುಂದೆಯೂ ಬಹಳ ದಿನ ಅವಳು ಖುರ್ಷಿದಕ್ಕನ ಜೊತೆ ನೆಟ್ಟಗೆ ಮಾತಾಡಲಿಲ್ಲ. ಕಲ್ಲು ನೆಟ್ಟಾಗ ಬಾಗಿಲ ಹತ್ತಿರವೂ ಬರಲಿಲ್ಲ. ಬೀದಿಯವರು ಮಳೆಗಾಲ ಬರಲಿ ನೋಡೋಣ ಎಂದರು, ಯಜಮಾನರೂ ಹಾಗೇ ಎಂದರು. ನಾನು ಮಳೆಗೆ ಕಾಯಲಿಲ್ಲ. ಆ ಕೊಡದ ಸದ್ದು ಕೇಳಿದಾಗಲೇ ಕಲ್ಲು ನಿಲ್ಲುತ್ತದೆಂದು ನನಗೆ ಧೈರ್ಯ ಬಂದಿತ್ತು.

ಮಳೆ ಬಂತು, ಹೊಯ್ದು ನಿಂತಿತು. ಮಾರನೆಯ ಬೆಳಿಗ್ಗೆ ನಾನು ಹೋದಾಗ ಕಲ್ಲು ನೆಟ್ಟಲ್ಲೇ ಇತ್ತು, ಬುಡಕ್ಕೆ ಹೊಸ ಮಣ್ಣು ಕಚ್ಚಿಕೊಂಡಿತ್ತು. ಅಕ್ಕ ಅಡುಗೆಮನೆಯ ಕಿಟಕಿಯ ಕೆಳಗೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಹೊರಗೆ ಸರಪಳಿ ಕಿರುಗುಟ್ಟಿದ್ದು ಕೇಳಿ ನಾನು ಕಿಟಕಿಯಲ್ಲಿ ಇಣುಕಿದೆ. ದಸ್ತಗೀರಣ್ಣ ಎರಡೂ ಮೊಣಕೈ ಒಳಕ್ಕೆ ಹಿಡಿದು, ಉದ್ದವಾಗಿಹೋಗಿದ್ದ ಸೈಕಲ್ಲನ್ನು ಓಣಿಯೊಳಗೆ ನಿಧಾನಕ್ಕೆ ಓಡಿಸುತ್ತಿದ್ದರು. ಖುರ್ಷಿದಕ್ಕ ಓಣಿಯ ಬಾಯಿಯಲ್ಲಿ ನಿಂತಿದ್ದಳು, ತಳ್ಳುತ್ತಿರಲಿಲ್ಲ.

"ಹೋಯ್ತಾ?" ಎಂದಳು ಅಕ್ಕ, ಮೊರದಿಂದ ತಲೆಯೆತ್ತದೆ.

"ಹೋಯ್ತು."

"ಗೋಡೆಗೆ ತಾಗ್ತಾ?"

"ಇಲ್ಲ."

ಅವಳು ಒಂದು ಕಲ್ಲು ಆರಿಸಿ ಹೊರಗೆಸೆದಳು. "ಅದು ಗಾಳಿ ಕಣೋ" ಎಂದಳು. "ಆ ಗಾಳಿ ಒಂದು ಇಲ್ದೇ ಇದ್ದಿದ್ರೆ ಅವಳು ಇನ್ನೂ ಹೊತ್ಕೊಂಡೇ ಓಡಾಡ್ಬೇಕಿತ್ತು."